ಟ್ವೇರ್‌ನಲ್ಲಿ ಇಳಿಯಬಹುದೆ?

ಕೇಳುಗರಿಗೆ ನಮಸ್ಕಾರ. ರಷ್ಯಾಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು ಚಳಿಯ ಬಗ್ಗೆ. ಆಮೇಲಿನ ಪ್ರಶ್ನೆಯಲ್ಲಿ ಸ್ವಲ್ಪ ಅಳುಕಿರುತ್ತದೆ: "ಕಾಗದಪತ್ರದಲ್ಲಿ ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಅಂತಷ್ಟೇ ಇದೆ. ನಡುವೆ ಇನ್ನೊಂದು ಊರಲ್ಲಿ ಇಳಿದರೆ ಪೊಲೀಸರು ಹಿಡೀತಾರಾ?"

ನನಗೂ ಆ ಅಳುಕಿತ್ತು. ಹಳೆಯ ಪದ್ಧತಿಯ ಪ್ರವಾಸಿ ವೀಸಾ ಬೇಕಾದರೆ ಅಲ್ಲಿನ ಟೂರ್ ಕಂಪನಿಯೋ ಹೋಟೆಲ್ಲೋ ಕಳಿಸಿದ ಆಹ್ವಾನಪತ್ರ ಇರಬೇಕು. ಅದರಲ್ಲಿ ಊರುಗಳ ಹೆಸರು ಬರೆದಿರುತ್ತಾರೆ. ನನ್ನದರಲ್ಲಿ ಇದ್ದದ್ದು ಎರಡೇ ಊರು. ನಾನು ಹೋಗಬೇಕೆಂದಿದ್ದದ್ದು ಮೂರನೆಯದಕ್ಕೆ, ಅವೆರಡರ ನಡುವಿನ ಟ್ವೇರ್‌ಗೆ. ಹೋದೆ, ಏನೂ ಆಗಲಿಲ್ಲ. ಪಟ್ಟಿಯಲ್ಲಿಲ್ಲದ ಊರಿಗೆ ಹೋಗಲು ಅಡ್ಡಿಯಿಲ್ಲ. ನೊರಿಲ್ಸ್ಕ್, ಸರೋವ್‌ನಂಥ ಮುಚ್ಚಿದ ನಗರಗಳು ಮತ್ತು ಗಡಿಯ ಕೆಲವು ಪ್ರದೇಶಗಳ ಮಾತು ಬೇರೆ. ಅಲ್ಲಿಗೆ ಪ್ರತ್ಯೇಕ ಅನುಮತಿ ಬೇಕು.

ಊರಿನ ವಿಷಯದಲ್ಲಿ ಇಷ್ಟು ಉದಾರವಾದ ವೀಸಾ ತಾರೀಖಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣ. ಈಗ ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾಯಿತು. ಆಹ್ವಾನಪತ್ರದ ರಗಳೆಯಿಲ್ಲ. ಮೊದಲು 16 ದಿನ ಇರಬಹುದಿತ್ತು, 2025ರ ಆಗಸ್ಟ್‌ನಿಂದ 30 ದಿನ. ದಿನ ಎಣಿಸುವ ಬಗೆಯಲ್ಲೇ ಎಡವಟ್ಟಾಗುವುದು. ನಿಮ್ಮ ವಿಮಾನ ಒಂದನೇ ತಾರೀಖು ರಾತ್ರಿ 11 ಗಂಟೆ 50 ನಿಮಿಷಕ್ಕೆ ಇಳಿಯಿತೆನ್ನಿ. ಆ ಹತ್ತು ನಿಮಿಷವೂ ಒಂದು ಇಡೀ ದಿನ! ಮೂವತ್ತನೇ ತಾರೀಖು ಮಧ್ಯರಾತ್ರಿಯೊಳಗೆ ನೀವು ಗಡಿ ದಾಟಿರಬೇಕು. ಇದು ಒಂದೇ ಸಲದ ಪ್ರವೇಶ. ಹೊರಗೆ ಕಾಲಿಟ್ಟರೆ ಉಳಿದ ದಿನಗಳೂ ಹೋದಂತೆಯೇ. ಗೊತ್ತುಮಾಡಿದ ವಿಮಾನ ನಿಲ್ದಾಣ, ಗಡಿಠಾಣೆಗಳಲ್ಲಷ್ಟೇ ಇ-ವೀಸಾ ನಡೆಯುತ್ತದೆ. ಆದ್ದರಿಂದ ವಾಪಸು ಹೊರಡುವ ಊರು ಬದಲಿಸುವ ಮುಂಚೆ ಆ ಪಟ್ಟಿ ನೋಡಿ, ಆಮೇಲೆ ಟಿಕೆಟ್ ತೆಗೆಸಿ.

ಇಳಿದ ಕೂಡಲೇ ಪಾಸ್‌ಪೋರ್ಟಿನ ಜೊತೆ ಒಂದು ತುಂಡು ಕಾಗದ ಕೊಡುತ್ತಾರೆ, ಮೈಗ್ರೇಶನ್ ಕಾರ್ಡ್, ಅಂದರೆ ನೀವು ದೇಶದೊಳಗೆ ಬಂದದ್ದರ ಚೀಟಿ. ನೋಡಲು ಬಸ್ ಟಿಕೆಟ್ಟಿಗಿಂತ ಹೆಚ್ಚೇನಲ್ಲ. ನಾನಂತೂ ಅದನ್ನು ಕರ್ಚೀಫಿನ ಜೊತೆ ಜೇಬಿಗೆ ಸೇರಿಸಿಬಿಟ್ಟಿದ್ದೆ. ಟ್ವೇರ್‌ನ ಹೋಟೆಲ್ ಕೌಂಟರಿನಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ತೆಗೆದುಕೊಂಡು ಮತ್ತೆ ಕೈ ಚಾಚಿದರು. ಮುದುರಿದ್ದನ್ನು ಕೊಟ್ಟೆ. ಅಂಗೈಯಲ್ಲಿ ಇಸ್ತ್ರಿ ಮಾಡುವ ಹಾಗೆ ಎರಡು ಸಲ ಉಜ್ಜಿ, ಸ್ಕ್ಯಾನ್ ಮಾಡಿ, ಪಾಸ್‌ಪೋರ್ಟಿನ ಪುಟದೊಳಗಿಟ್ಟು ವಾಪಸು ಕೊಟ್ಟರು. ನಿಮ್ಮ ವಾಸವನ್ನು ನೋಂದಾಯಿಸುವ ಕೆಲಸ ಹೋಟೆಲಿನವರದೇ. ಪರಿಚಯದವರ ಮನೆಯಲ್ಲಿ ಉಳಿಯುವವರಾದರೆ ಏಳು ಕೆಲಸದ ದಿನಗಳೊಳಗೆ ಮನೆಯವರೇ ಅದನ್ನು ಮಾಡಿಸಬೇಕು, ಮುಂಚೆಯೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಪಾಸ್‌ಪೋರ್ಟಿನ ವೀಸಾ ನಡೆದರೂ ಪರ್ಸಿನ ವೀಸಾ ನಡೆಯುವುದಿಲ್ಲ! ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ಕೆಲಸ ಮಾಡುತ್ತಿಲ್ಲ. ಪ್ಲಾನ್ ಬದಲಾದರೆ ಹೊಸ ಟಿಕೆಟ್ಟಿಗೂ ರೂಮಿಗೂ ರೊಕ್ಕ ಕೈಯಲ್ಲೇ ಇರಬೇಕು.

ಇಷ್ಟಕ್ಕೂ ಟ್ವೇರ್‌ಗೆ ಯಾಕೆ ಹೋದೆ ಅಂದರೆ, ಅಲ್ಲಿ ವೋಲ್ಗಾ ದಂಡೆಯ ಮೇಲೆ ಅಫನಾಸಿ ನಿಕಿತಿನ್ ಪ್ರತಿಮೆಯಿದೆ. 15ನೇ ಶತಮಾನದ ವ್ಯಾಪಾರಿ. ಹೊರಟದ್ದು ಕ್ಯಾಸ್ಪಿಯನ್ ಸಮುದ್ರದ ಪಶ್ಚಿಮ ದಡದ ಶಿರ್ವಾನ್‌ಗೆ. ಅಸ್ತ್ರಾಖಾನ್ ಬಳಿ ದರೋಡೆಯಾಗಿ ಸರಕೆಲ್ಲ ಹೋಯಿತು. ಬರಿಗೈಯಲ್ಲಿ ಊರಿಗೆ ಮರಳುವಂತಿರಲಿಲ್ಲ. ಮುಂದೆ ಮುಂದೆ ಸಾಗಿ, ಕುದುರೆಯೊಂದನ್ನು ಹಡಗಿನಲ್ಲಿ ತಂದು, ಕೊನೆಗೆ ಮುಟ್ಟಿದ್ದು ಬಹಮನಿ ಸುಲ್ತಾನರ ರಾಜಧಾನಿಯನ್ನು, ನಮ್ಮ ಬೀದರನ್ನು. ಅವನ ಮುಂದೆ ನಿಂತು ಬೀದರಿನ ಕೋಟೆ ನೆನೆಸಿಕೊಳ್ಳುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪೀಟರ್ಸ್‌ಬರ್ಗ್ ರೈಲಿಗೆ ಓಡಬೇಕಾಯಿತು. ವೀಸಾದಲ್ಲಿ ಇನ್ನು ಮೂರು ದಿನ ಉಳಿದಿತ್ತು. ನಿಕಿತಿನ್ ಮಾತ್ರ ಬೀದರಿನಿಂದ ಹೊರಟವನು ಟ್ವೇರ್ ತಲುಪಲೇ ಇಲ್ಲ. ದಾರಿಯಲ್ಲಿ, ಸ್ಮೋಲೆನ್ಸ್ಕ್ ಹತ್ತಿರ ತೀರಿಕೊಂಡ.

ನಮಸ್ಕಾರ.