ಮಾರ್ಕೆರೋಲ್ ತೋಟದ ದುಂಡು ಕೊಳ

ಕೇಳುಗರಿಗೆ ನಮಸ್ಕಾರ. ಇಂದು ನಿಮ್ಮನ್ನು ಒಂದು ಕೊಳದ ಬಳಿಗೆ ಕರೆದೊಯ್ಯುತ್ತೇನೆ. ಬಾನುಲಿಯಲ್ಲಿ ಚಿತ್ರ ಕಾಣದು. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಕಣ್ಣು ಮುಚ್ಚಿಕೊಳ್ಳಿ.

ನೈಋತ್ಯ ಫ್ರಾನ್ಸಿನಲ್ಲಿ ಲಬಾಸ್ತಿದ್ ದ್ಯು ವೇರ್ ಎಂಬ ಪುಟ್ಟ ಹಳ್ಳಿಯಿದೆ. ಆ ಹಳ್ಳಿಯನ್ನು ಮೇಲಿನಿಂದ ನೋಡುವಂತಿರುವ ಮಾರ್ಕೆರೋಲ್ ಎಂಬ ಮನೆಯನ್ನು ಚಿತ್ರಕಾರ ಆನ್ರಿ ಮಾರ್ತಾಂ 1900ರಲ್ಲಿ ಕೊಂಡುಕೊಂಡ. ಅದರ ತೋಟದ ಕೊಳವನ್ನು ಒಂದಲ್ಲ, ಹಲವು ಸಲ ಚಿತ್ರಿಸಿದ.

ಅಂಥ ಒಂದು ಚಿತ್ರವನ್ನು ದೂರ ನಿಂತು ನೋಡಿದರೆ ಎಲೆಯೂ ಅಲುಗದ ಮಧ್ಯಾಹ್ನ. ದುಂಡನೆಯ ಕಲ್ಲಿನ ಕಟ್ಟೆ, ಅದರ ಸುತ್ತ ಜೆರೇನಿಯಂ ಹೂವಿನ ಕುಂಡಗಳು, ಹಿಂದೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ನೀರಿನೊಳಗೆ ಆಕಾಶ ತಲೆಕೆಳಗಾಗಿ ಮಲಗಿದೆ. ಇನ್ನು ನಾಲ್ಕು ಹೆಜ್ಜೆ ಮುಂದೆ ಬನ್ನಿ. ಕೊಳ ಮಾಯ! ಹಸಿರು, ನೀಲಿ, ಗುಲಾಬಿ, ಹಳದಿ, ಎಲ್ಲವೂ ಬಿಡಿಬಿಡಿ ಗೀಟುಗಳು. ಕುಂಚ ಎತ್ತಿದಲ್ಲಿ ಬಣ್ಣ ಗಟ್ಟಿಯಾಗಿ ಉಬ್ಬಿಕೊಂಡಿದೆ. ಹಿಂದೆ ಸರಿದರೆ ಮತ್ತೆ ನೀರು. ನನ್ನನ್ನು ಸೆಳೆದದ್ದು ಇದೇ: ಅಷ್ಟು ಚಡಪಡಿಸುವ ಬಣ್ಣಗಳಿಂದ ಇಷ್ಟೊಂದು ನೆಮ್ಮದಿ ಹುಟ್ಟುವುದು.

ಇದರ ಬೇರು ಇರುವುದು, ಸೋಜಿಗವೆಂದರೆ, ನೇಯ್ಗೆಯಲ್ಲಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆಶಾಲೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರು ಬಂತು. ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷಿಸಿದ. ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ ಮತ್ತು ನೇರಳೆ ನೂಲುಗಳೇ ಕಪ್ಪಿನ ಕಸುವನ್ನು ಕುಗ್ಗಿಸಿದ್ದವು! ಯಾವ ಬಣ್ಣವೂ ಒಂಟಿಯಲ್ಲ, ನೆರೆಯ ಬಣ್ಣ ಅದನ್ನು ಬದಲಿಸುತ್ತದೆ ಎಂಬ ಈ ನಿಯಮವನ್ನು ಅವನು 1839ರಲ್ಲಿ ಪ್ರಕಟಿಸಿದ. ಮುಂದೆ ಜಾರ್ಜ್ ಸೂರಾ ಎಂಬ ಫ್ರೆಂಚ್ ಚಿತ್ರಕಾರ ಇಂಥ ತಿಳಿವಳಿಕೆಯ ಬಲದಿಂದ ಚುಕ್ಕಿಗಳಲ್ಲೇ ಚಿತ್ರ ಕಟ್ಟಿದ.

ಮಾರ್ತಾಂನ ಗೀಟುಗಳಲ್ಲಿ ಸೂರಾನ ಲೆಕ್ಕಾಚಾರವಿಲ್ಲ. ಅವು ಒರಟು, ಸಡಿಲ. ಹಾಗಾಗಿ ಇದು ಅಪ್ಪಟ ಚುಕ್ಕಿಚಿತ್ರವಲ್ಲ ಎನ್ನಬಹುದು. ನನಗಂತೂ ಆ ಸಡಿಲತನದಲ್ಲೇ ತೋಟದ ಬಿಸಿಲು ತಾಗುತ್ತದೆ. ದಿನವೂ ಆ ಕಟ್ಟೆಯ ಸುತ್ತ ಅಡ್ಡಾಡಿದವನ ಕೈ ಅದು. 1943ರಲ್ಲಿ ಅವನು ಕಣ್ಣು ಮುಚ್ಚಿದ್ದೂ ಅದೇ ಹಳ್ಳಿಯಲ್ಲಿ.

ಹತ್ತಿರದ ಕಾಓರ್ ಪಟ್ಟಣದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ. ಎಂದಾದರೂ ಅವನ ಕೊಳದ ಚಿತ್ರವೊಂದು ನಿಮ್ಮ ಎದುರಿಗೆ ಬಂದರೆ, ಹೂವನ್ನು ಆಮೇಲೆ ನೋಡಿ. ಮೊದಲು ಕಟ್ಟೆಯ ನೆರಳನ್ನು ನೋಡಿ. ಅದು ಬರಿಯ ಕಪ್ಪಲ್ಲ. ನೇರಳೆ, ನೀಲಿ, ನಡುನಡುವೆ ಕಿತ್ತಳೆಯ ಗೀಟು.

ನಮಸ್ಕಾರ.