ಅಪ್ಪಣೆ ಕೊಟ್ಟವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಕೇಳುವವರು ಯಾರೆಂದು ನನಗೆ ಅಂದಾಜಿದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುವ ಅಕ್ಕಂದಿರು, ಅಂಗಡಿಯ ಕದ ತೆಗೆದು ಊದುಬತ್ತಿ ಹಚ್ಚುತ್ತಿರುವ ಅಣ್ಣಂದಿರು, ಹೊಲಕ್ಕೆ ಹೊರಟ ತಮ್ಮಂದಿರು. ಕಾಯ್ದೆಯ ಕಲಮುಗಳನ್ನು ಓದಿ ನಿಮ್ಮ ಬೆಳಗು ಕೆಡಿಸುವುದಿಲ್ಲ. ಸರ್ಕಾರ ನಮ್ಮ ಮೇಲೆ ಕಣ್ಣಿಡುವುದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಮೂವತ್ತು ವರ್ಷ ವಕೀಲಿ ಮಾಡಿದ ನನಗೆ ಈ ವಿಷಯದಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ ಅನಿಸುತ್ತದೆ. ಅಪ್ಪಣೆ ಕೊಟ್ಟವರು ಯಾರು?

ಕಳ್ಳರ, ಭಯೋತ್ಪಾದಕರ ಮಾತನ್ನು ಪೊಲೀಸರು ಕೇಳಲೇಬೇಕು. 2008ರ ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ನಡೆದಾಗ ಹೋಟೆಲಿನೊಳಗಿದ್ದ ಹಂತಕರಿಗೆ ಗಡಿಯಾಚೆಯಿಂದ ಫೋನಿನಲ್ಲೇ ಸೂಚನೆ ಬರುತ್ತಿತ್ತು. ನಮ್ಮ ಪೊಲೀಸರು ಆ ಮಾತುಗಳನ್ನು ಹಿಡಿದು ಧ್ವನಿಮುದ್ರಿಸಿಕೊಂಡರು. ಸಂಚಿನ ಬೇರು ಎಲ್ಲಿತ್ತು ಎಂಬುದಕ್ಕೆ ಕೋರ್ಟಿನಲ್ಲಿ ಅದು ದೊಡ್ಡ ಸಾಕ್ಷ್ಯವಾಯಿತು. ಅಂಥ ಕಿವಿ ದೇಶಕ್ಕೆ ಬೇಕು. ಆ ಕಿವಿಯನ್ನು ಯಾರ ಮನೆಯ ಗೋಡೆಗೆ ಹಚ್ಚಬೇಕು ಎಂದು ತೀರ್ಮಾನಿಸುವವರು ಯಾರು, ನಾನು ಕೇಳುತ್ತಿರುವುದು ಅದನ್ನು.

"ನಾನೇನೂ ತಪ್ಪು ಮಾಡಿಲ್ಲ, ನನ್ನ ಫೋನು ಕೇಳಿದರೆ ಕೇಳಲಿ ಬಿಡಿ." ಈ ಮಾತನ್ನು ಕಕ್ಷಿದಾರರ ಬಾಯಲ್ಲಿ, ನೆಂಟರ ಬಾಯಲ್ಲಿ, ಚೆನ್ನಾಗಿ ಓದಿದವರ ಬಾಯಲ್ಲೂ ಕೇಳಿದ್ದೇನೆ. ಕ್ಷಮಿಸಿ, ಕೇಳಿದಾಗೆಲ್ಲ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಹಾಗೆನ್ನುವವರಿಗೆಲ್ಲ ನಾನು ಖರಕ್ ಸಿಂಗರ ಕಥೆ ಹೇಳುತ್ತೇನೆ. ನಿಮಗೂ ಹೇಳುತ್ತೇನೆ.

ಖರಕ್ ಸಿಂಗ್ ಉತ್ತರ ಪ್ರದೇಶದ ಹಳ್ಳಿಯವರು. 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಪೊಲೀಸರು ಅವರನ್ನು ಹಿಡಿದರು. ಸಾಕ್ಷ್ಯ ಇಲ್ಲವೆಂದು ಬಿಟ್ಟರು. ಗಮನಿಸಿ, ಸಾಕ್ಷ್ಯ ಇಲ್ಲವೆಂದು ಬಿಟ್ಟರು. ಬಿಟ್ಟರೂ ಠಾಣೆಯಲ್ಲಿ ಅವರ ಹೆಸರಿಗೆ ಒಂದು ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆ ರೌಡಿ ಶೀಟ್ ಅನ್ನುತ್ತೇವಲ್ಲ, ಅದೇ ಜಾತಿಯದು.

ಅಲ್ಲಿಂದ ಅವರ ರಾತ್ರಿಗಳು ಅವರವಾಗಿ ಉಳಿಯಲಿಲ್ಲ. ಊರಿನ ಚೌಕಿದಾರ, ನಮ್ಮಲ್ಲಿ ತಳವಾರ ಇದ್ದ ಹಾಗೆ, ಪೇದೆಗಳನ್ನು ಕರೆದುಕೊಂಡು ಬಂದು ಬಾಗಿಲು ಬಡಿಯುವುದು, ಕೂಗುವುದು, ಒಳಗೆ ನುಗ್ಗುವುದು. ಎಷ್ಟೋ ಸಲ ನಿದ್ದೆಗಣ್ಣಲ್ಲೇ ಎಬ್ಬಿಸಿ, ಊರಲ್ಲಿದ್ದಾನೆ ಎಂದು ಹಾಜರಿ ಹಾಕಿಸಲು ಠಾಣೆಗೆ ನಡೆಸಿಕೊಂಡು ಹೋಗುವುದು. ಪರ ಊರಿಗೆ ಹೊರಟರೆ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ತಿಳಿಸಿಯೇ ಹೋಗಬೇಕು. ಆ ಊರಿನ ಠಾಣೆಗೆ ಕೂಡಲೇ ಸುದ್ದಿ ಹೋಗುತ್ತಿತ್ತು. ಅಲ್ಲಿಯೂ ಇದೇ ಪಾಡು.

ನಿಮ್ಮ ಮನೆಯ ಲೆಕ್ಕದಲ್ಲೇ ನೋಡಿ. ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಮಗಳ ಅತ್ತೆಮನೆಗೆ ಹೋಗಿದ್ದೀರಿ. ರಾತ್ರಿ ಹನ್ನೆರಡಕ್ಕೆ ಪೇದೆ ಬಂದು ಬೀಗರ ಬಾಗಿಲು ಬಡಿದು ನಿಮ್ಮ ಹೆಸರು ಹಿಡಿದು ಕೂಗುತ್ತಾನೆ. ಬೀಗರಿಗೆ ಏನು ಹೇಳುತ್ತೀರಿ? ಸಾಕ್ಷ್ಯವಿಲ್ಲದೆ ಬಿಟ್ಟ ಕಥೆಯನ್ನು ಆ ಹೊತ್ತಿನಲ್ಲಿ ಕೂತು ಕೇಳುವವರು ಯಾರು? ಮರುದಿನ ಮಗಳು ಆ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಇದಕ್ಕೆಲ್ಲ ಅಪ್ಪಣೆ ಕೊಟ್ಟವರು ಯಾರು? ಶಾಸನಸಭೆ ಅಂಥ ಕಾಯ್ದೆ ಮಾಡಿರಲಿಲ್ಲ. ಯಾವ ನ್ಯಾಯಾಧೀಶರೂ ಸಹಿ ಹಾಕಿರಲಿಲ್ಲ. ಪೊಲೀಸ್ ಇಲಾಖೆಯದೇ ನಿಯಮಾವಳಿ, ಅದರಲ್ಲಿ 236ನೇ ನಿಯಮ. ಶಂಕೆ ಪಟ್ಟವರು ಪೊಲೀಸರು, ಹಾಳೆ ತೆರೆದವರು ಪೊಲೀಸರು, ಬಾಗಿಲು ಬಡಿದವರೂ ಪೊಲೀಸರು.

ಖರಕ್ ಸಿಂಗ್ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1962ರ ಡಿಸೆಂಬರಿನಲ್ಲಿ ಆರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ರಾತ್ರಿ ಮನೆಗೆ ನುಗ್ಗುವುದು ತಪ್ಪು ಎಂದು ಆರೂ ಜನ ಒಪ್ಪಿದರು. ಆದರೆ ಮನೆಯ ಸುತ್ತ ಗುಟ್ಟಾಗಿ ಕಾಯಬಹುದು, ಓಡಾಟವನ್ನೆಲ್ಲ ಬರೆದಿಡಬಹುದು, ಖಾಸಗಿತನ ಎನ್ನುವುದು ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ನಾಲ್ವರು ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ನ್ಯಾಯಮೂರ್ತಿ ಶಾ ಕೂಡ ಸುಬ್ಬರಾವ್ ಅವರ ಜೊತೆ ನಿಂತರು. ಹೆಜ್ಜೆ ಹೆಜ್ಜೆಗೂ ಪೊಲೀಸರ ಕಣ್ಣು ಬಿದ್ದ ಮನುಷ್ಯನಿಗೆ ಇಡೀ ದೇಶವೇ ಜೈಲು ಎಂದು ಸುಬ್ಬರಾವ್ ಬರೆದರು. ಆ ಸಾಲು ಓದಿದ ದಿನ ನನಗೆ ಇವತ್ತಿಗೂ ನೆನಪಿದೆ. ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಮುಚ್ಚಿಟ್ಟು, ಹೊರಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಈ ಕಥೆಗೇ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಈಗ ಬಾಗಿಲು ಬಡಿಯಬೇಕಾಗಿಲ್ಲ, ಫೋನು ನಮ್ಮ ಜೇಬಿನಲ್ಲೇ ಇದೆ. ಖರಕ್ ಸಿಂಗರಿಗೆ ಬಡಿತವಾದರೂ ಕೇಳಿಸುತ್ತಿತ್ತು, ಅದಕ್ಕೇ ಅವರು ಕೋರ್ಟಿಗೆ ಹೋದರು. ನಿಮ್ಮ ಫೋನನ್ನು ಆಲಿಸಿದರೆ, ಎಲ್ಲ ಮುಗಿದ ಮೇಲಾದರೂ ನಿಮಗೆ ತಿಳಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಗೊತ್ತೇ ಆಗದ ಮೇಲೆ ದೂರು ಕೊಡುವುದೆಲ್ಲಿಂದ ಬಂತು?

ಹಿರಿಯರಿಗೆ 1988 ನೆನಪಿರಬೇಕು. ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಆಗ ಇದ್ದದ್ದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆ. ಆಲಿಸುವ ಅಧಿಕಾರ ಅದರಲ್ಲಿತ್ತು. ಹೇಗೆ ಆಲಿಸಬೇಕು, ಎಷ್ಟು ದಿನ ಆಲಿಸಬೇಕು ಎಂಬ ನಿಯಮ ಮಾಡಿರಲೇ ಇಲ್ಲ. ಕೊನೆಗೆ 1996ರಲ್ಲಿ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟೇ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದು ಎರಡು ತಿಂಗಳಿಗಷ್ಟೇ, ಮುಂದುವರಿಸಿದರೂ ಆರು ತಿಂಗಳು ದಾಟುವಂತಿಲ್ಲ. ಆದೇಶ ಸರಿಯಿದೆಯೇ ಎಂದು ಒಂದು ಸಮಿತಿ ನೋಡಬೇಕು.

ಆ ಸಮಿತಿಯಲ್ಲಿ ಯಾರಿದ್ದಾರೆ? ದೆಹಲಿಯಲ್ಲಾದರೆ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ಅಪ್ಪಣೆ ಕೊಡುವವರೂ ಕಾರ್ಯದರ್ಶಿ, ಅಪ್ಪಣೆ ಸರಿಯೇ ಎಂದು ನೋಡುವವರೂ ಕಾರ್ಯದರ್ಶಿ. ಅಂಗಡಿಯ ಅಣ್ಣಂದಿರು ಹೇಳಿ, ಲೆಕ್ಕ ಬರೆದ ಗುಮಾಸ್ತನ ತಮ್ಮನ ಕೈಗೇ ಲೆಕ್ಕ ತಪಾಸಣೆ ಕೊಡುತ್ತೀರಾ?

ಇನ್ನೊಂದು ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತಾರು ವರ್ಷ. ಸರ್ಕಾರ ಅದೇ ಖರಕ್ ಸಿಂಗ್ ತೀರ್ಪನ್ನು ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಹೌದು, ಅದು ಮೂಲಭೂತ ಹಕ್ಕು ಎಂದರು. 1962ರಲ್ಲಿ ನಾಲ್ವರು ಹೇಳಿದ ಮಾತು ರದ್ದಾಯಿತು, ಸುಬ್ಬರಾವ್ ಹೇಳಿದ್ದು ಉಳಿಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಈ ದೇಶದ ಪ್ರತಿ ಮನೆಗೂ ಆ ಹಿರಿಯರ ಋಣವಿದೆ.

ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2024ರಲ್ಲಿ ಹೊಸ ನಿಯಮಗಳೂ ಬಂದವು. ಸಮಿತಿಯಲ್ಲಿ ಇಂದಿಗೂ ಕಾರ್ಯದರ್ಶಿಗಳೇ ಇದ್ದಾರೆ. ಒಬ್ಬ ನ್ಯಾಯಾಧೀಶರಿಗೂ ಅಲ್ಲಿ ಕುರ್ಚಿ ಇಲ್ಲ.

ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ನೀರಿನ ಅರ್ಜಿ ಕೊಡುತ್ತೀರಲ್ಲ, ಆಗ ಇದನ್ನೂ ಕೇಳಿ. "ಸ್ವಾಮಿ, ನನ್ನ ಫೋನು ಆಲಿಸಲು ಅಪ್ಪಣೆ ಕೊಡುವ ಕಡೆ ಒಬ್ಬ ನ್ಯಾಯಾಧೀಶರು ಯಾಕಿಲ್ಲ?" ಅವರು ಏನು ಉತ್ತರ ಕೊಟ್ಟರು ಎಂದು ಈ ನಿಲಯಕ್ಕೆ ಒಂದು ಕಾರ್ಡು ಬರೆದು ಹಾಕಿ. ನನಗೆ ತಲುಪಿಸುತ್ತಾರೆ.

ನಮಸ್ಕಾರ.