ದಾರಿ ತುಂಡಾಗಬಾರದು

ಕೇಳುಗರೆಲ್ಲರಿಗೂ ನಮಸ್ಕಾರ. ಉದ್ಯಾನ, ಕಡಲತೀರ, ಜಲಪಾತಗಳು ಎಲ್ಲರಿಗೂ ದಕ್ಕುವಂತೆ ಮಾಡುವುದು ಹೇಗೆ ಎಂದು ಮಾತನಾಡಲು ನನ್ನನ್ನು ಕರೆದಿದ್ದಾರೆ. ನಾನು ರಸ್ತೆ, ಮೋರಿ, ಕಾಲುಸಂಕ ಕಟ್ಟಿಸಿ ನಿವೃತ್ತನಾದ ಎಂಜಿನಿಯರ್. ನನಗೆ ಹೇಳಲಿಕ್ಕಿರುವುದು ಒಂದೇ ಮಾತು: ದಾರಿ ತುಂಡಾಗಬಾರದು. ಬಸ್ಸಿಳಿದ ಜಾಗದಿಂದ ಕುಳಿತು ನೋಡುವ ಬೆಂಚಿನವರೆಗೆ, ಅಲ್ಲಿಂದ ಶೌಚಾಲಯಕ್ಕೆ, ಮತ್ತೆ ಬಸ್ಸಿಗೆ ಒಂದು ಗಾಲಿ ತಡೆಯಿಲ್ಲದೆ ಉರುಳಬೇಕು. ನಡುವೆ ಗೇಣುದ್ದದ ಒಂದು ಮೆಟ್ಟಿಲು ಬಂತೋ, ಕಥೆ ಅಲ್ಲಿಗೇ ಮುಗಿಯಿತು. ಉಳಿದದ್ದೆಲ್ಲ ಇದ್ದೂ ಇಲ್ಲ.

"ಗಾಲಿಕುರ್ಚಿಯವರು ನಮ್ಮ ಪಾರ್ಕಿಗೆ ಬರುವುದೇ ಇಲ್ಲವಲ್ಲ, ಯಾರಿಗಾಗಿ ಈ ಖರ್ಚು?" ಎಂದು ಸಭೆಗಳಲ್ಲಿ ಕೇಳುತ್ತಾರೆ. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಳೆ ದಾಟುವವರು ಯಾರೂ ಕಾಣುವುದಿಲ್ಲ, ಆದ್ದರಿಂದ ಸಂಕ ಬೇಡ ಎಂದಂತಾಯಿತು! ದಾರಿ ಇಲ್ಲ, ಅದಕ್ಕೇ ಬರುವುದಿಲ್ಲ. ಅಷ್ಟಕ್ಕೂ ಇದು ಗಾಲಿಕುರ್ಚಿಯವರ ಮಾತು ಮಾತ್ರವಲ್ಲ. ಅಡಿಕೆ ತೋಟದ ದರೆ ಹತ್ತಿ ಇಳಿದು ಮಂಡಿ ಸವೆಸಿಕೊಂಡವರು ಶಿರಸಿ, ಸಿದ್ದಾಪುರದಲ್ಲಿ ಮನೆಗೊಬ್ಬರಿದ್ದಾರೆ. ಬಸುರಿಯರಿದ್ದಾರೆ, ಊರುಗೋಲಿನವರಿದ್ದಾರೆ, ಕಣ್ಣು ಮಂಜಾದ ಅಜ್ಜಂದಿರಿದ್ದಾರೆ. ಇವತ್ತು ಧಡಧಡ ಓಡುವ ನೀವೂ ನಾಳೆ ಇದೇ ಸಾಲಿನಲ್ಲಿ ನಿಲ್ಲುವವರೇ.

ಲೆಕ್ಕ ಬಹಳ ಸುಲಭ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಒಂದು ಮೆಟ್ಟಿಲಿದ್ದರೆ 6 ಅಡಿ, ಅಂಥ ಮೂರು ಮೆಟ್ಟಿಲಿದ್ದರೆ 18 ಅಡಿ. ನಮ್ಮಲ್ಲಿ ಮೂರು ಮೆಟ್ಟಿಲಿಗೆ 5 ಅಡಿಯ ಇಳಿಜಾರು ಮಾಡಿ ಬಿಲ್ಲು ಬರೆಯುತ್ತಾರೆ. ಅದು ಬೈಕ್ ಏರಿಸಲು ಚೆನ್ನಾಗಿದೆ, ಮನುಷ್ಯರಿಗಲ್ಲ.

ಈಗ ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ಅವರು ಶಿರಸಿ ಕಡೆಯ ನಿವೃತ್ತ ಶಿಕ್ಷಕಿ. ತರುಣ ರವೀಂದ್ರನಾಥ ಠಾಗೋರರು ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಕಾರವಾರದಲ್ಲಿದ್ದು ಇಲ್ಲಿನ ಕಡಲಿಗೆ ಮನಸೋತ ಕಥೆಯನ್ನು ತಲೆಮಾರುಗಟ್ಟಲೆ ಮಕ್ಕಳಿಗೆ ಹೇಳಿದವರು. ಸೊಂಟದ ಮೂಳೆ ಮುರಿದ ಮೇಲೆ ಗಾಲಿಕುರ್ಚಿಗೆ ಬಂದರು. ನನಗೆ ಅರವತ್ತು ದಾಟಿದ್ದರೂ ಅವರ ಬಾಯಲ್ಲಿ ನಾನು ಈಗಲೂ "ತಮಾ". ಒಂದು ದಿನ, "ತಮಾ, ಸಮುದ್ರ ನೋಡದೆ ಬಹಳ ಕಾಲವಾಯಿತು" ಎಂದರು. ಸರಿ, ಸೋದರಳಿಯಂದಿರೆಲ್ಲ ಸೇರಿ ದೇವಿಮನೆ ಘಟ್ಟ ಇಳಿಸಿ ಕಡಲ ಬದಿಯ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋದೆವು. ಯಾವ ಉದ್ಯಾನ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ತಮ್ಮದಲ್ಲವೆಂದು ನಿಶ್ಚಿಂತರಾಗುತ್ತಾರೆ.

ಬಾಗಿಲಿನಲ್ಲಿ ಇಳಿಜಾರಿತ್ತು. ಹೊಳೆಯುವ ಸ್ಟೀಲ್ ಕೈಪಿಡಿ, ಗಾಲಿಕುರ್ಚಿಯ ನೀಲಿ ಚಿತ್ರ, ಎಲ್ಲ ಇತ್ತು. ಒಳಗಿನ ಹಾದಿಯೂ ಸಪಾಟಾಗಿತ್ತು. ಅತ್ತೆ ಖುಷಿಯಾಗಿ ಪ್ರತಿ ಗಿಡದ ಹೆಸರು ಕೇಳುತ್ತ, ನಾವು ತಪ್ಪು ಹೇಳಿದರೆ ತಿದ್ದುತ್ತ ಬಂದರು. ಉದ್ಯಾನದ ಕೊನೆ, ಆಚೆ ಮರಳು, ಅದರಾಚೆ ಸಮುದ್ರ. ನಡುವೆ ಒಂದು ಕಬ್ಬಿಣದ ದಣಪೆ. ಒಬ್ಬರು ಅಡ್ಡಡ್ಡ ತಿರುಗಿ ನುಸುಳುವಷ್ಟೇ ಜಾಗ. ದನ ಬಾರದಿರಲೆಂದು, ಬೈಕ್ ನುಗ್ಗದಿರಲೆಂದು ಮಾಡಿದ್ದು. ಪಕ್ಕದಲ್ಲೇ ಅಗಲದ ಗೇಟೂ ಇತ್ತು, ಅದಕ್ಕೆ ಬೀಗ. ಕೀಲಿ ಎಲ್ಲಿ ಎಂದರೆ ಗುತ್ತಿಗೆದಾರರ ಬಳಿ. ಕಾವಲಿನ ಹುಡುಗ ಒಳ್ಳೆಯವನು, ಫೋನಿನ ಮೇಲೆ ಫೋನು ಮಾಡಿದ.

ಕಾಯುತ್ತ ನಿಂತಾಗ ನೋಡುತ್ತೇವೆ, ಉದ್ಯಾನದ ಹುಲ್ಲುಹಾಸಿನ ನಡುವೆ ಒಂದು ಹಸು ನಿಶ್ಚಿಂತೆಯಿಂದ ಮೇಯುತ್ತಿದೆ! ಅತ್ತೆ ಅದನ್ನು ತೋರಿಸಿ, "ತಮಾ, ಅದಕ್ಕೆ ದಾರಿ ಗೊತ್ತಿದೆ, ಕೇಳಿಕೊಂಡು ಬಾ" ಎಂದರು. ನಾವು ನಕ್ಕೆವು, ಅವರು ನಗಲಿಲ್ಲ. ಕುರ್ಚಿ ಸಮೇತ ಎತ್ತಿ ದಾಟಿಸುತ್ತೇವೆ ಎಂದೆವು. "ಬೇಡ. ನಾಲ್ಕು ಜನ ನನ್ನನ್ನು ಹೊರುವುದು ಒಂದೇ ಸಲ. ಅದಕ್ಕಿನ್ನೂ ಕಾಲವಿದೆ" ಎಂದರು. ಆಮೇಲೆ ಯಾರೂ ಮಾತನಾಡಲಿಲ್ಲ. ಕೀಲಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಘಟ್ಟ ಹತ್ತಬೇಕಲ್ಲ, ಹೊರಟುಬಂದೆವು.

ಇದೇ ನಾನು ಹೇಳುವುದು. ಆ ಇಳಿಜಾರಿಗೆ, ಆ ಕೈಪಿಡಿಗೆ, ಆ ನೀಲಿ ಚಿತ್ರಕ್ಕೆ ಸುರಿದ ದುಡ್ಡೆಲ್ಲ ಒಂದು ದಣಪೆಯಿಂದ ನೀರಿಗೆ ಬಿತ್ತು. ಬೇಕಾಗಿದ್ದದ್ದು 90 ಸೆಂಟಿಮೀಟರ್ ಅಗಲದ, ತಾನಾಗಿ ಮುಚ್ಚಿಕೊಳ್ಳುವ, ಅಗಳಿ ಇರುವ ಒಂದು ಸಣ್ಣ ಗೇಟು. ಅಗಳಿ ಎತ್ತಿ ಬರುವ ದನವನ್ನು ನಾನಂತೂ ಕಂಡಿಲ್ಲ. ಬೈಕಿನವರು ನುಗ್ಗಿದರೆ ಅವರಿಗೆ ದಂಡ ಹಾಕಿ. ನಮ್ಮ ಅತ್ತೆಗೇಕೆ ಶಿಕ್ಷೆ?

ಸಮಯವಾಗುತ್ತಿದೆ ಎಂದು ಸ್ಟುಡಿಯೋದ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ನೆಲ. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ನುಣುಪಾದ ಟೈಲ್ಸ್ ಹಾಕುವವರಿಗೆ ಏನು ಹೇಳಬೇಕೋ ತಿಳಿಯದು. ಒರಟು ಕಲ್ಲು ಹಾಸಿ, ಇಲ್ಲವೇ ಕಾಂಕ್ರೀಟ್ ಹಸಿಯಿದ್ದಾಗಲೇ ಪೊರಕೆಯಿಂದ ಗೆರೆ ಎಳೆಯಿರಿ. ಆಷಾಢದಲ್ಲಿ ಪಾಚಿ ಕೆರೆಯಲು ಒಬ್ಬರನ್ನು ನೇಮಿಸಿ.

ಮರಳು. ಚೆನ್ನೈನ ಮರೀನಾ ತೀರದಲ್ಲಿ 2022ರ ನವೆಂಬರಿನಲ್ಲಿ ಗಾಲಿಕುರ್ಚಿಗಾಗಿ ನೀರಿನ ಸಮೀಪದವರೆಗೆ ಮರದ ಹಾದಿ ಮಾಡಿದರು. ಮುಂದಿನ ತಿಂಗಳೇ ಚಂಡಮಾರುತ ಅದಕ್ಕೆ ಪೆಟ್ಟು ಕೊಟ್ಟಿತು. ಆದರೆ ಕೈಬಿಡಲಿಲ್ಲ, ದುರಸ್ತಿ ಮಾಡಿದರು. ನಮ್ಮ ಕಡಲು ಮಳೆಗಾಲದಲ್ಲಿ ದಡವನ್ನೇ ಕೊರೆಯುತ್ತದೆ. ಇಲ್ಲಿಗೆ ಸುತ್ತಿಡುವಂಥ ಗಟ್ಟಿ ಚಾಪೆ ಸಾಕು. ಮೇ ಕೊನೆಯಲ್ಲಿ ಎತ್ತಿಡಿ, ಮಳೆ ಮುಗಿದ ಮೇಲೆ ಹಾಸಿ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತಲ್ಲ, ಆ ಮನ್ನಣೆಯ ನಿಯಮಗಳಲ್ಲಿ ಅಂಗವಿಕಲರ ಪ್ರವೇಶವೂ ಒಂದು.

ಕಾಡು. "ಇದನ್ನೆಲ್ಲ ಮಾಡಿದರೆ ಪ್ರಕೃತಿ ಹಾಳಾಗುತ್ತದೆ" ಎನ್ನುವವರಿದ್ದಾರೆ. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರಕ್ಕೆ ಲಿಫ್ಟ್ ಹಾಕಿ ಎಂದು ಯಾರೂ ಕೇಳಿಲ್ಲ. ಶಿಖರ ಕಾಣುವ ಒಂದು ಕಡೆಗೆ ಸಮತಟ್ಟಾದ ದಾರಿ, ಅಲ್ಲೊಂದು ಬೆನ್ನು ಆನಿಸುವ ಬೆಂಚು, ಇಷ್ಟೇ. ಹೊನ್ನಾವರದ ಕಾಂಡ್ಲಾ ವನದಲ್ಲಿ, ಅಂದರೆ ಮ್ಯಾಂಗ್ರೋವ್ ಕಾಡಿನಲ್ಲಿ, ಹಲಗೆಯ ಕಾಲುದಾರಿ ಇದೆ. ಕೆಳಗೆ ನೀರು ತನ್ನ ಪಾಡಿಗೆ ಹರಿಯುತ್ತದೆ, ಬೇರುಗಳಿಗೆ ಯಾರ ಕಾಲೂ ತಾಗುವುದಿಲ್ಲ. ಏನು ಹಾಳಾಯಿತು?

ಕಣ್ಣು ಕಾಣದವರಿಗೆ ಹಾದಿಯ ಅಂಚು ಕೋಲಿಗೆ ತಿಳಿಯುವಂತಿರಲಿ, ಪಕ್ಕದಲ್ಲಿ ಸುರಗಿ, ರಂಜಲಿನಂಥ ಪರಿಮಳದ ಹೂಮರ ನೆಡಿ. ಇದರ ಬಗ್ಗೆ ಹೇಳುವುದು ಬಹಳವಿತ್ತು, ಬಿಡಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮನರಂಜನೆಯನ್ನೂ ಹಕ್ಕಿನ ಲೆಕ್ಕಕ್ಕೆ ಸೇರಿಸಿದೆ. ಆದ್ದರಿಂದ ನಿಮ್ಮೂರಿನಲ್ಲಿ ಹೊಸ ಪಾರ್ಕು ಆಗುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉದ್ಘಾಟನೆಯ ಹಿಂದಿನ ದಿನ ಎಂಜಿನಿಯರರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಬಸ್ ನಿಲ್ದಾಣದಿಂದ ಬೆಂಚಿನವರೆಗೆ ಸ್ವತಃ ಗಾಲಿ ತಿರುಗಿಸಿಕೊಂಡು ಹೋಗಲು ಹೇಳಿ. ಎಲ್ಲಿ ಇಳಿಯಬೇಕಾಯಿತೋ ಅಲ್ಲಿ ಸುಣ್ಣದ ಗುರುತು ಹಾಕಿ. ಆ ಗುರುತಿನ ಜಾಗ ಸರಿಯಾಗುವವರೆಗೆ ಬಿಲ್ಲಿಗೆ ಸಹಿ ಬೇಡ ಎಂದು ಠರಾವು ಬರೆಸಿ. ನಮಸ್ಕಾರ.